ಬೂದುಬಣ್ಣದ ಗಾಡಿಯ ಬೇಸಿಗೆ

ಹೋದ ವಾರ ಹಳಿಯಾಳದ ಸಂತೆಯ ಹಾದಿಯಲ್ಲಿ ಯಾರೋ ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿಸಿ ಆಗಷ್ಟೇ ಮುಂದೆ ಹೋಗಿದ್ದರು. ರಸ್ತೆಯಲ್ಲಿ ಕಾಯಿಯ ಚೂರು, ಚೆಲ್ಲಿದ ಚೆಂಡುಹೂ, ಗಾಲಿ ಹಾಯ್ದು ಅಪ್ಪಚ್ಚಿಯಾದ ನಿಂಬೆಹಣ್ಣು. ಬಿಸಿ ಡಾಂಬರಿನ ಮೇಲೆ ಒಡೆದ ನಿಂಬೆಹಣ್ಣಿಗೆ ಒಂದು ವಾಸನೆ ಇರುತ್ತದೆ. ಹುಳಿ, ರಬ್ಬರು, ಸ್ವಲ್ಪ ಎಣ್ಣೆ, ಎಲ್ಲ ಕೂಡಿದ್ದು. ನಾನು ಕೈಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ತರಕಾರಿಯವಳು "ಏನ ಬೇಕ್ರಿ ಅಕ್ಕಾರ?" ಎಂದು ಮತ್ತೆ ಮತ್ತೆ ಕೇಳಿದಳು. ಏನು ಬೇಕಿತ್ತೆಂಬುದು ಮರೆತೇ ಹೋಗಿತ್ತು. ನನ್ನ ತಲೆಯಲ್ಲಿ ಆ ಒಂದು ಬೇಸಿಗೆ ಬಂದು ಕೂತಿತ್ತು. ನಾನೂ ನನ್ನ ಅತ್ತೆಯೂ ಎರಡು ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದನ್ನು ಆರಿಸಲು ಹೊರಟಿದ್ದ ಬೇಸಿಗೆ ಅದು.

ಕೇಳಿದವರಿಗೆ ನಗು ಬರುತ್ತದೆ. ಬರಲಿ. ನಾನು ದಾಂಡೇಲಿಯ ಕಾಗದ ಗಿರಣಿಯ ಪ್ರಯೋಗಾಲಯದಲ್ಲಿ ತಿರುಳಿನ ಪರೀಕ್ಷೆ ಮಾಡುವವಳು. ಅತ್ತೆ ಗಂಗವ್ವ, ಮುಂಡಗೋಡ ತಾಲೂಕಿನ ಮಳಗಿಯವರು, ಎಪ್ಪತ್ತು ದಾಟಿದವರು. ನಮ್ಮಿಬ್ಬರಿಗೂ ಸ್ಪೋರ್ಟ್ಸ್ ಕಾರಿಗೂ ಎತ್ತಣ ಸಂಬಂಧ? ಆ ಹುಚ್ಚು ನನ್ನ ಗಂಡ ಮಹಾಂತೇಶ ಅವರದು. ಅವರು ಅದೇ ಗಿರಣಿಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಒಂದು ಸಣ್ಣ ಕಾರಿತ್ತು. ಕಾಲನಿಯ ರಸ್ತೆಯಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದು ಅದರಲ್ಲೇ. ಆದರೂ ಅವರಿಗೆ ನೆಲಕ್ಕೆ ಅಂಟಿಕೊಂಡು ಓಡುವ ಗಾಡಿಯೊಂದು ಬೇಕಾಗಿತ್ತು. ವೇಗದ ಆಸೆಯೇನೂ ಅಲ್ಲ. ಸಣ್ಣ ಕಾರನ್ನೇ ಎತ್ತಿನ ಬಂಡಿಯ ಹಾಗೆ ಓಡಿಸುತ್ತಿದ್ದ ಮನುಷ್ಯ. "ಬ್ಯಾಸಗಿ ಶನಿವಾರ, ಐತವಾರ ಅಷ್ಟ ಹೊರಗ ತಗಿಯೂದು. ಮಳಿಗಾಲದಾಗ ಹೊದಿಸಿ ಇಟ್ಟಬಿಡೂದು," ಎನ್ನುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಕಡೆಯ ರಸ್ತೆಗೆ ಅಂಥ ಗಾಡಿ ಇಳಿಸಿದರೆ ಅದರ ಹೊಟ್ಟೆ ಉಳಿಯುವುದಿಲ್ಲ, ಅದು ಅವರಿಗೂ ಗೊತ್ತಿತ್ತು.

ಎರಡು ಗಾಡಿ ನೋಡಿಟ್ಟಿದ್ದರು. ಒಂದು ಕೆಂಪು, ಎರಡೇ ಸೀಟು, ಮೇಲಿನ ಛಾವಣಿ ಬಿಚ್ಚಿ ಇಡುವಂಥದ್ದು. ಅದು ಜೋಯಿಡಾದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ರೋಹಿದಾಸ ಅನ್ನುವವರದು. ಇನ್ನೊಂದು ಬೂದುಬಣ್ಣದ್ದು. ಹಳಿಯಾಳದ ಹಳೆಯ ಕಟ್ಟಿಗೆ ವ್ಯಾಪಾರಿ ಬಾಬುರಾವ್ ಅವರದು. ಅದಕ್ಕೂ ಮುಂದೆ ಎರಡು ಸೀಟು, ಹಿಂದೆ ಮಾತ್ರ ಹೆಸರಿಗೆ ಎಂಬಂತೆ ಎರಡು ಪುಟ್ಟ ಸೀಟು. ಬಾಗಿಲು ಎರಡೇ ಆದ್ದರಿಂದ ಮುಂದಿನ ಸೀಟನ್ನು ಬಾಗಿಸಿ ಹಿಂದೆ ನುಸುಳಬೇಕು. ಮಹಾಂತೇಶರ ಮನಸ್ಸು ಕೆಂಪಿನ ಮೇಲೆ. ಅತ್ತೆಯ ತಕರಾರು ಅಲ್ಲಿಂದಲೇ ಶುರು.

"ಎರಡ ಸೀಟಿನ ಗಾಡಿ ತಂದ್ರ ನನ್ನ ಎಲ್ಲಿ ಕುಂದರಸ್ತೀಯೋ? ಟಪ್ಪಿನ ಮ್ಯಾಲೇನು?"

"ಅದಕ ಟಪ್ಪ ಇಲ್ಲ ಯವ್ವಾ."

ಛಾವಣಿಯೇ ಇಲ್ಲವೆಂಬ ಈ ಮಾತಿಗೆ ತಾಯಿ ಮಗ ಇಬ್ಬರೂ ಊಟದ ತಾಟಿನ ಮುಂದೆ ನಕ್ಕಿದ್ದು ನನಗೆ ನೆನಪಿದೆ. ಇಬ್ಬರು ಮಾಲೀಕರಿಗೂ "ದೀಪಾವಳಿ ಆದಮ್ಯಾಲೆ ಖುದ್ದ ಬಂದ ಹೇಳ್ತೇನ್ರಿ" ಎಂದು ಮಾತು ಕೊಟ್ಟು ಬಂದಿದ್ದರು. ಫೋನಿನಲ್ಲಿ ವ್ಯವಹಾರದ ಮಾತಾಡುವುದು ಅವರ ಜಾಯಮಾನವಲ್ಲ.

ದೀಪಾವಳಿ ಆಯಿತು. ಒಂದು ಬೆಳಿಗ್ಗೆ ಪಾಳಿಗೆ ಹೊರಡಲು ಬಾಗಿಲ ಬಳಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ಒಂದು ಕಾಲಿನದು ಆಗಿತ್ತು. ಇನ್ನೊಂದು ಕೈಯಲ್ಲಿದ್ದ ಹಾಗೇ ಒರಗಿಬಿಟ್ಟರು. ಡಾಕ್ಟರು ಹೃದಯ ಎಂದರು. ಸಂಜೆಗೆ ಮಳಗಿಯ ಹೊಲದಲ್ಲಿ ನಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟದ್ದೂ ಆಯಿತು.

ನಾನು ಅಳಲಿಲ್ಲ. ಅಳು ತಡೆದುಕೊಂಡೆನೆಂದಲ್ಲ, ಬರಲೇ ಇಲ್ಲ. ಹೊತ್ತಿಗೆ ಹಸಿವಾಗುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು, ಕೆಲಸಕ್ಕೆ ಹೋಗುತ್ತಿದ್ದೆ. ಒಮ್ಮೆ ಪ್ರಯೋಗಾಲಯದಲ್ಲಿ ಬಿಸಿನೀರು ಕೈಮೇಲೆ ಬಿತ್ತು. ಪಕ್ಕದವರು ಕೂಗಿದಾಗಲೇ ನಾನು ಕೈ ನೋಡಿಕೊಂಡದ್ದು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅತ್ತೆ ಅತ್ತು ಅತ್ತು ಕಣ್ಣು ಬಾತುಕೊಂಡು ಕೂತಿದ್ದರೆ ನಾನು ಅವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದೆ. ಬಂದವರೆಲ್ಲರ ಹತ್ತಿರ ಅವರದು ಒಂದೇ ಮಾತು: "ನಮ್ಮ ಶೈಲಾ ಅಳವಲ್ಲಳ್ರಿ. ನನಗ ಅದ ಚಿಂತಿ ಹತ್ತೈತಿ." ಬಂದವರು ನನ್ನನ್ನು ಓರೆಗಣ್ಣಿಂದ ನೋಡುತ್ತಿದ್ದರು. ನನಗೆ ಅದೂ ನಾಟುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಬಾಬುರಾವ್ ಫೋನು ಮಾಡಿದರು. ಸುದ್ದಿ ಅವರಿಗೆ ಗೊತ್ತಿರಲಿಲ್ಲ. "ಮಹಾಂತೇಶ ಅವರ ಬರತೇನಿ ಅಂದಿದ್ರು, ದೀಪಾವಳಿ ಹೋಗಿ ಬ್ಯಾಸಗಿ ಬಂತು," ಎಂದರು. ಇದ್ದ ವಿಷಯ ಹೇಳಿದೆ. ನಾನು ಫೋನಿಟ್ಟು ತೊಳೆಯುತ್ತಿದ್ದ ಪಾತ್ರೆಗೆ ವಾಪಸು ಹೋದೆ. ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು.

"ಅವ ಮಾತ ಕೊಟ್ಟಿದ್ದ," ಎಂದರು. "ಇಬ್ಬರ ಕಡೇನೂ ಹೋಗಿ ಒಂದ ನಿರ್ಣಯಾ ಹೇಳಿ ಬರೂಣು. ತಗೊಳ್ಳೂದಾದ್ರ ತಗೊಳ್ಳೂಣು. ನೀನೂ ನಾಕ ಮಂದಿ ಮುಖಾ ನೋಡಿದಂಗ ಆಕ್ಕೈತಿ."

ನೆಂಟರು ಮೂಗು ಮುರಿದರು. ಗಂಡ ಹೋಗಿ ವರ್ಷ ತುಂಬಿಲ್ಲ, ಶೋಕಿ ಗಾಡಿ ಬೇಕಂತೆ ಎಂದರು. ವರ್ಷದೊಳಗೆ ಮನೆಗೆ ವಾಹನ ತರಬಾರದು ಎಂದು ಒಬ್ಬರೆಂದರೆ, ಅದು ಹೊಸ ಗಾಡಿಗೆ ಮಾತ್ರ, ಸೆಕೆಂಡ್ ಹ್ಯಾಂಡಿಗೆ ಲಾಗೂ ಆಗುವುದಿಲ್ಲ ಎಂದು ಇನ್ನೊಬ್ಬರು. ಅತ್ತೆ ಇಬ್ಬರ ಬಾಯನ್ನೂ ಮುಚ್ಚಿಸಿದರು: "ನಮ್ಮಾಗ ಸೂತಕಾನ ಇಲ್ಲ. ಮತ್ತ ಗಾಡಿಗೆ ಯಾವ ಸೂತಕ?" ದುಡ್ಡನ್ನು ಮಹಾಂತೇಶ ಅದಕ್ಕೆಂದೇ ತೆಗೆದಿಟ್ಟಿದ್ದರು, ಆ ಮಾತು ಇಲ್ಲಿ ಅಷ್ಟು ಸಾಕು.

ಮೊದಲು ಜೋಯಿಡಾಕ್ಕೆ ಹೋದೆವು. ರೋಹಿದಾಸರ ಅಂಗಳದಲ್ಲಿ ಹಲಸಿನ ಮರದಡಿ ಕೆಂಪು ಗಾಡಿ ಮಿರಿಮಿರಿ ಮಿನುಗುತ್ತಿತ್ತು. ಅವರು ಕೊಂಕಣಿಯ ರಾಗದಲ್ಲಿ ಕನ್ನಡ ಆಡುತ್ತ ಛಾವಣಿ ಬಿಚ್ಚಿ ತೋರಿಸಿದರು. ನಾನು ಓಡಿಸಿದೆ, ಅತ್ತೆ ಪಕ್ಕದಲ್ಲಿ ಕೂತರು. ಕಾಡಿನ ರಸ್ತೆ, ತಲೆಯ ಮೇಲೆ ಬಿದಿರು, ಎಲೆ ಉದುರಿದ ಸಾಗವಾನಿ. ಅತ್ತೆಯ ಸೆರಗು ಗಾಳಿಗೆ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವರು ಅದನ್ನು ಹಿಡಿದು ಹಿಡಿದು ಸುಸ್ತಾದರು. ಗಾಡಿ ಚೆನ್ನಾಗಿತ್ತು. ಸ್ಟೇರಿಂಗು ಹಗುರ, ಎಂಜಿನ್ನಿನ ಸದ್ದು ಸ್ವಚ್ಛ. ಚೆನ್ನಾಗಿದೆ ಎಂದು ತಿಳಿಯುತ್ತಿತ್ತು, ಅಷ್ಟೇ. ಪ್ರಯೋಗಾಲಯದಲ್ಲಿ ಮಾದರಿ ಪಾಸಾದ ಹಾಗೆ.

ನಮ್ಮ ಸಣ್ಣ ಕಾರಿನಲ್ಲಿ ವಾಪಸು ಬರುವಾಗ ಅತ್ತೆಗೆ ಹೇಳಿದೆ: "ಕೆಂಪೇ ಇರಲಿ ಅತ್ತಿ. ಅವರಿಗೂ ಅದೇ ಸೇರಿತ್ತು. ಎರಡು ಸೀಟು, ನಾವೂ ಇಬ್ಬರೇ. ಲೆಕ್ಕ ಬರೋಬ್ಬರಿ ಆಯ್ತು." ಅತ್ತೆ ಕಿಟಕಿಯಾಚೆ ನೋಡುತ್ತ ಕೂತರು. ನಾನು ಕ್ರೂರವಾಗಿ ಹೇಳಿದೆನೆಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ಮುಂದಿನ ಭಾನುವಾರ ಹಳಿಯಾಳ. ಬಾಬುರಾವ್ ಅವರಿಗೆ "ಬ್ಯಾಡ" ಎಂದು ಹೇಳಿ ಬರುವುದಷ್ಟೇ ನನ್ನ ಉದ್ದೇಶ. ಅವರು ನಡುವಿಗೆ ಪಟ್ಟಿ ಕಟ್ಟಿಕೊಂಡು, ಕೋಲೂರಿ ಹೊರಗೆ ಬಂದರು. ಬೆನ್ನುಮೂಳೆಯ ಬಾಧೆ. ಅಷ್ಟು ತಗ್ಗಿನ ಗಾಡಿಯೊಳಗೆ ಬಗ್ಗಿ ಕೂರಲು ಆಗದೆಂದೇ ಮಾರಾಟಕ್ಕಿಟ್ಟದ್ದು. ಅತ್ತೆಗೆ ಕೈಮುಗಿದರು. ಆಮೇಲೆ ಕೀಲಿ ನನ್ನ ಕೈಗಿಟ್ಟರು.

"ಬ್ಯಾಡ ಅನ್ನೂದಿದ್ರೂ ಒಮ್ಮೆ ಓಡಿಸಿ ಬ್ಯಾಡ ಅನ್ರಿ ತಾಯಿ. ಉಳವಿ ತನಕ ಹೋಗಿ ಬರ್ರಿ. ತಿರುವು, ಉಬ್ಬು ಎಲ್ಲಾ ಅದಾವ ಆ ಹಾದ್ಯಾಗ, ಗಾಡಿ ಗುಣಾ ಗೊತ್ತಾಗ್ತದ."

ಡ್ರೈವರ್ ಸೀಟಿನಲ್ಲಿ ಕೂತೆ. ಕಾಲು ಕ್ಲಚ್ಚಿಗೆ ಮುಟ್ಟಲಿಲ್ಲ. ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಬಾಬುರಾವ್ ಕಿಟಕಿಯ ಬಳಿ ನಿಂತು, "ಮುಂದ ಸರಿಸ್ಕೋರಿ. ಕಡೀಕ ಓಡಿಸಿದವರು ನಿಮ್ಮ ಯಜಮಾನ್ರು, ಉದ್ದನ್ನ ಮನಶ್ಯಾ. ಅವರ ಹೋದಮ್ಯಾಲೆ ಯಾರೂ ಕುಂತಿಲ್ಲ. ನಾ ಹೊರಗ ನಿಂತ ಕೀಲಿ ತಿರುವಿ ಎಂಜಿನ್ ಚಾಲೂ ಮಾಡಿ ಬಂದ್ ಮಾಡತಿದ್ದೆ," ಎಂದರು.

ಅಂದರೆ ಆ ಸೀಟು ಮಹಾಂತೇಶರ ಕಾಲಿನ ಅಳತೆಗೆ ಇತ್ತು. ಮಾತು ಅರ್ಥವಾಯಿತು. ಕೆಳಗೆ ಕೈಹಾಕಿ ಸೀಟು ಸರಿಸುವ ಸನ್ನೆ ಎಳೆದೆ. ಸೀಟು ಕಟಕಟನೆ ಮುಂದೆ ಬಂದು ನನ್ನ ಅಳತೆಗೆ ನಿಂತಿತು. ನನಗೆ ಏನೂ ಆಗಲಿಲ್ಲ. ತಲೆಯೆತ್ತಿದರೆ ಹೊರಗೆ ನಿಂತಿದ್ದ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

ಪಕ್ಕದ ಬಾಗಿಲು ತೆಗೆದರೆ ಅವರು ಮುಂದೆ ಕೂರಲು ಒಪ್ಪಲಿಲ್ಲ. "ಅಲ್ಲಿ ನೀ ಕುಂತಿ, ಇದು ಅವನ ಜಾಗಾ. ನಾ ಹಿಂದ ಕುಂದರತೇನಿ," ಎಂದರು. ಸೀಟು ಬಾಗಿಸಿದೆ. ಎಪ್ಪತ್ತು ದಾಟಿದ ಮುದುಕಿ ಇಳಕಲ್ ಸೀರೆ ಮೊಳಕಾಲ ತನಕ ಎತ್ತಿ ಹಿಂದೆ ನುಸುಳಿ, ಕಾಲು ಮಡಚಿ ಓರೆಯಾಗಿ ಕೂತರು. ಬಾಬುರಾವ್ ಬೇರೆ ಕಡೆ ನೋಡಿದರು. ನನ್ನ ಪಕ್ಕದ ಸೀಟು ಖಾಲಿ ಉಳಿಯಿತು. ಹಾಗೇ ಹೊರಟೆವು.

ಉಳವಿಯಲ್ಲಿ ಅತ್ತೆ ಗುಡಿಗೆ ಹೋದರು. ನಾನು ನಲ್ಲಿಯ ಬಳಿ ಮುಖ ತೊಳೆದು ಸ್ವಲ್ಪ ಹೊತ್ತು ನೆರಳಲ್ಲಿ ಕೂತೆ. ವಾಪಸು ಬಂದು ನೋಡಿದರೆ ಗಾಡಿಯ ಮುಂದೆ ನಾಲ್ಕು ಜನ ಸೇರಿದ್ದಾರೆ. ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ಮೇಲೆ ಚೆಂಡುಹೂವಿನ ಮಾಲೆ, ನಾಲ್ಕೂ ಗಾಲಿಯಡಿ ನಿಂಬೆಹಣ್ಣು. ಗುಡಿಯ ಅಯ್ಯನವರು ಕಾಯಿ ಒಡೆದು ನೀರು ಚಿಮುಕಿಸುತ್ತ ಗಟ್ಟಿಯಾಗಿ ಹರಸುತ್ತಿದ್ದರು: "ಮಹಾಂತೇಶನ ಗಾಡಿ ಸುಖವಾಗಿ ಓಡಲಿ. ಮಹಾಂತೇಶನ ಆಯುಷ್ಯ ಹೆಚ್ಚಲಿ."

ಅಯ್ಯನವರು ತಟ್ಟೆ ಎತ್ತಿಕೊಂಡು ಹೋದ ಮೇಲೆ ಅತ್ತೆಯ ಬಳಿ ಹೋದೆ. "ಅತ್ತಿ, ಏನಿದು? ಇದು ನಮ್ಮ ಗಾಡಿ ಅಲ್ಲ. ಬ್ಯಾರೆಯವರ ಗಾಡಿಗೆ ಪೂಜಾ ಮಾಡಿಸೀರಿ," ಎಂದೆ.

"ನಾ ಮಾಡಿಸಲಿಲ್ಲವಾ," ಎಂದರು. "ನನ್ನ ಮಗಾ ನೋಡಿಟ್ಟಿದ್ದ ಗಾಡ್ಯಾಗ ಬಂದೇನ್ರಿ ಅಂತ ಅಯ್ಯನವರ ಮುಂದ ಸುಮ್ಮ ಅಂದೆ. ಅವರು ಹೊಸಾ ಗಾಡಿ ಅಂತ ತಿಳಕೊಂಡು ತಟ್ಟಿ ಹಿಡಕೊಂಡ ಹೊರಗ ಬಂದಬಿಟ್ರು. ಯಾರ ಹೆಸರಲೆ ಅಂತ ಕೇಳಿದ್ರು. ನನ್ನ ಬಾಯಾಗ ಅವನ ಹೆಸರ ಬಂತು."

"ತಡಿಬೇಕಿತ್ತು."

"ಅವರು ಅವನ ಆಯುಷ್ಯ ಹೆಚ್ಚಲಿ ಅನ್ನಾಕತ್ತಿದ್ರು. ಹೆಂಗ ತಡೀಲಿ?"

ಬಗ್ಗಿ ಮುಂದಿನ ಗಾಲಿಯಡಿಯ ನಿಂಬೆಹಣ್ಣು ತೆಗೆದೆ. ಗಾಲಿ ಹಾಯದಿದ್ದರೆ ಪೂಜೆ ಪೂರ್ತಿಯಾಗಲಿಲ್ಲ, ಗಾಡಿ ನಮ್ಮದಾಗಲಿಲ್ಲ ಎಂಬ ಲೆಕ್ಕ ನನ್ನದು. ಹೂ ತೆಗೆದು, ವಿಭೂತಿ ಒರೆಸಿ, ಬಾಬುರಾವ್ ಅವರಿಗೆ ಕೀಲಿ ಕೊಟ್ಟು, ಕೆಂಪು ಗಾಡಿ ತರುವುದು. ಇನ್ನೊಂದು ಹಣ್ಣಿಗೆ ಕೈ ಚಾಚಿದಾಗ ಅತ್ತೆ ಅಂದರು:

"ಕೆಂಪ ಗಾಡ್ಯಾಗ ಅವನ ಜಾಗಾ ಎಲ್ಲೈತಿ ಹೇಳು?"

"ಅವರಿಲ್ಲ ಅತ್ತಿ."

ಬೂಟಿನ ಆ ಬೆಳಗಿನಿಂದ ಅಲ್ಲಿಯ ತನಕ ನಾನು ಆ ಮಾತನ್ನು ಅತ್ತೆಯ ಮುಖ ನೋಡಿ ಹೇಳಿರಲಿಲ್ಲ. ಎಷ್ಟು ಸಲೀಸಾಗಿ ಹೊರಬಂತೆಂದರೆ ನನಗೇ ಹೆದರಿಕೆಯಾಯಿತು. ಅತ್ತೆ ಸಿಟ್ಟಾಗಲಿಲ್ಲ.

"ನನಗೂ ಗೊತ್ತೈತಿ," ಎಂದರು. "ಗೊತ್ತಾಗೂದು ಬ್ಯಾರೆ, ಒಪ್ಪೂದು ಬ್ಯಾರೆ. ನನಗ ಇನ್ನ ಸ್ವಲ್ಪ ದಿನಾ ಬೇಕು. ಇದೊಂದ ಬ್ಯಾಸಗಿ ಅವನ ಸೀಟ ಇರ್ಲಿ."

ನಾನು ನಿಂಬೆಹಣ್ಣನ್ನು ವಾಪಸು ಗಾಲಿಯಡಿ ಇಟ್ಟೆ. ಅವರಿಗೆ ಬೇಕಾಗಿತ್ತು, ನನಗೆ ಏನೂ ಬೇಕಾಗಿರಲಿಲ್ಲ. ಬೇಕಾದವರ ಮಾತು ನಡೆಯಲಿ ಎನಿಸಿತು. ಸೀಟು ಬಾಗಿಸಿ ಅವರನ್ನು ಹಿಂದೆ ಕೂರಿಸಿ, ಗಾಡಿ ಮುಂದೆ ಬಿಟ್ಟೆ. ನಾಲ್ಕೂ ಹಣ್ಣು ಪಚಕ್ಕೆಂದವು. ಬಿಸಿಲಿಗೆ ಕಾದ ರಸ್ತೆಯಿಂದ ಆ ವಾಸನೆ ಎದ್ದು ಗಾಡಿಯೊಳಗೆ ತುಂಬಿಕೊಂಡಿತು.

ಹಳಿಯಾಳದಲ್ಲಿ ಬಾಬುರಾವ್ ಬಾನೆಟ್ಟಿನ ಮೇಲಿನ ವಿಭೂತಿ ನೋಡಿದರು, ಮಾಲೆ ನೋಡಿದರು, ನನ್ನ ಮುಖ ನೋಡಿದರು. ನಾನು ಆದದ್ದೆಲ್ಲ ಹೇಳಿ, ನಿಮ್ಮನ್ನು ಕೇಳದೆ ಹೀಗಾಯ್ತು ಎಂದೆ. ಅವರು ಕೈ ಅಡ್ಡ ಆಡಿಸಿದರು. "ಒಬ್ಬರ ಹೆಸರಲೆ ಉಳವ್ಯಾಗ ಕಾಯಿ ಒಡದ ಗಾಡಿ ಮತ್ತೊಬ್ಬರಿಗೆ ಹೆಂಗ ಕೊಡ್ಲಿ ತಾಯಿ? ಅದು ಅವರದ ಆತು." ರೋಹಿದಾಸರಿಗೆ ಮರುವಾರ ಖುದ್ದಾಗಿ ಹೋಗಿ ಹೇಳಿ ಬಂದೆವು. ಅವರು ಬೇಜಾರು ಮಾಡಿಕೊಳ್ಳದೆ ಕೋಕಂ ಶರಬತ್ತು ಕುಡಿಸಿ ಕಳಿಸಿದರು.

ಹೀಗೆ ಆ ಬೇಸಿಗೆ ಶನಿವಾರ ಭಾನುವಾರ ನಮ್ಮ ತಿರುಗಾಟ ಶುರುವಾಯಿತು. ಬೆಳಿಗ್ಗೆ ಬಿಸಿಲೇರುವ ಮೊದಲೇ ರೊಟ್ಟಿ, ಶೇಂಗಾ ಚಟ್ನಿ, ನೀರಿನ ತಂಬಿಗೆ ಕಟ್ಟಿಕೊಂಡು ಹೊರಡುವುದು. ಒಂದು ವಾರ ಕೋಗಿಲಬನದ ಹೊಳೆ, ಒಂದು ವಾರ ಜೋಯಿಡಾದ ಘಟ್ಟ, ಇನ್ನೊಂದು ವಾರ ಯಲ್ಲಾಪುರದ ಮೇಲೆ ಮುಂಡಗೋಡ, ಮಳಗಿ. ಉಬ್ಬು ಬಂದಾಗಲೆಲ್ಲ ಗಾಡಿಯನ್ನು ಓರೆ ಮಾಡಿ ಹತ್ತಿಸಬೇಕು, ಇಲ್ಲವಾದರೆ ಕೆಳಗೆ ಕೆರೆಯುತ್ತಿತ್ತು. ಹಿಂದಿನಿಂದ ಅತ್ತೆ "ಸಾವಕಾಶ" ಎನ್ನುತ್ತಿದ್ದರು. ಆ ಗಾಡಿ ತನ್ನ ಶಕ್ತಿಯ ಕಾಲುಭಾಗವನ್ನೂ ನಮ್ಮ ಕೈಯಲ್ಲಿ ತೋರಿಸಲಿಲ್ಲ. ಲಾರಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು, ಕ್ಲೀನರುಗಳು ತಲೆ ಹೊರಹಾಕಿ ನೋಡುತ್ತಿದ್ದರು. ಮುಂದೆ ಒಬ್ಬಳು ಹೆಂಗಸು, ಪಕ್ಕ ಖಾಲಿ, ಹಿಂದೆ ಮಡಚಿಕೊಂಡ ಮುದುಕಿ. ನೋಡದೆ ಏನು ಮಾಡಿಯಾರು?

ಆ ಸೀಟಿನ ಮೇಲೆ ಏನನ್ನೂ ಇಡುವಂತಿರಲಿಲ್ಲ. ರೊಟ್ಟಿಯ ಗಂಟೂ ಅತ್ತೆಯ ತೊಡೆಯ ಮೇಲೆ. ಒಮ್ಮೆ ಅರಣ್ಯದ ಚೆಕ್‌ಪೋಸ್ಟಿನಲ್ಲಿ ಗಾರ್ಡು ಬಗ್ಗಿ ಒಳಗೆ ನೋಡಿ, "ಯಾಕ ಅಜ್ಜಿ ಹಿಂದ ಮುದ್ದಿ ಆಗಿ ಕುಂತೀರಿ? ಮುಂದ ಸೀಟ ಖಾಲಿ ಐತಲ್ಲ, ಬರ್ರಿ," ಎಂದ.

"ಅಲ್ಲಿ ಮಂದಿ ಅದಾರ," ಎಂದರು ಅತ್ತೆ.

ಗಾರ್ಡು ಸೀಟು ನೋಡಿದ, ನನ್ನನ್ನು ನೋಡಿದ, ರಸ್ತೆಗೆ ಅಡ್ಡವಿದ್ದ ತೊಲೆ ಎತ್ತಿದ. ಬೇರೆ ಯಾರಾದರೂ ಹೇಳಿದ್ದರೆ ನಗು ಬರುತ್ತಿತ್ತೇನೋ. ನಾನು ಗೇರು ಬದಲಿಸಿ ಮುಂದೆ ಹೋದೆ. ಪ್ರತಿ ಸಲವೂ ಅದೇ ಕ್ರಮ. ಸನ್ನೆ ಎಳೆ, ಸೀಟು ಬಾಗಿಸು, ಅತ್ತೆಯ ಕೈ ಹಿಡಿದು ಒಳಗೆ ಕಳಿಸು, ಸೀಟು ನೆಟ್ಟಗೆ ಮಾಡು, ಬಾಗಿಲು ಹಾಕು. ಯಾವಾಗಿನಿಂದಲೋ ಗೊತ್ತಿಲ್ಲ, ಬಾಗಿಲು ಹಾಕುವ ಮೊದಲು ಆ ಸೀಟಿನ ಧೂಳು ಒರೆಸುವುದು ನನಗೂ ರೂಢಿಯಾಗಿತ್ತು.

ಮೃಗಶಿರಾ ಮಳೆ ಹಿಡಿಯುವ ಮೊದಲಿನ ಭಾನುವಾರ ಮಳಗಿಗೆ ಹೋದೆವು. ಇನ್ನು ಗಾಡಿ ಹೊದಿಸಿ ಇಡುವ ಹೊತ್ತು, ಕೊನೆಯದೊಂದು ಸುತ್ತು ಎಂದು ಅತ್ತೆಯೇ ಹೊರಡಿಸಿದ್ದರು. ಹೊಲದಲ್ಲಿ ಮಗನ ಸಮಾಧಿಯ ಮೇಲೆ ಬೆಳೆದಿದ್ದ ಹುಲ್ಲು ಕಿತ್ತರು, ಮಣ್ಣು ಸಮ ಮಾಡಿದರು, ಅದರ ಮೇಲೆ ಅಂಗೈ ಊರಿ ಬಹಳ ಹೊತ್ತು ಕೂತರು. ಆ ದಿನ ಅವರು ಅಳಲಿಲ್ಲ. ಬರುವಾಗ ದಾರಿಯುದ್ದಕ್ಕೂ ಮೋಡ ನಮ್ಮ ಜೊತೆಗೇ ಬಂತು. ದಾಂಡೇಲಿಯ ಹತ್ತಿರ ಬಂದಾಗ, ಹೊಳೆ ನೋಡಿ ಹೋಗೂಣು ಎಂದರು. ಕೋಗಿಲಬನದ ಕಡೆ ತಿರುಗಿಸಿ, ದಂಡೆಯ ಮೇಲೆ ನಿಲ್ಲಿಸಿದೆ. ಕಾಳಿ ತಳದ ಬಂಡೆಗಳನ್ನು ತೋರಿಸುತ್ತ ಸಣ್ಣಗೆ ಹರಿಯುತ್ತಿದ್ದಳು. ಗಾಳಿಗೆ ಮಳೆಯ ವಾಸನೆ ಬಂದಿತ್ತು. ಇಬ್ಬರೂ ಉಳಿದ ರೊಟ್ಟಿ ತಿಂದೆವು.

ಹೊರಡುವಾಗ ಎಂದಿನಂತೆ ಬಾಗಿಲು ತೆಗೆದು, ಸನ್ನೆ ಎಳೆದು ಸೀಟು ಬಾಗಿಸಿ ಹಿಡಿದೆ. ಅತ್ತೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಸೀಟನ್ನು ತಾವೇ ನೆಟ್ಟಗೆ ಮಾಡಿದರು. ಮೊಣಕಾಲು ಹಿಡಿದುಕೊಂಡು ತಿರುಗಿ, ಮುಂದಿನ ಸೀಟಿನಲ್ಲಿ ಕೂರಲು ಬಗ್ಗಿದರು.

ನಾನು ಅವರ ರಟ್ಟೆ ಹಿಡಿದೆ. ಗಟ್ಟಿಯಾಗಿಯೇ ಹಿಡಿದಿರಬೇಕು, ಬಳೆ ಒತ್ತಿತು.

"ಅಲ್ಲಿ ಬ್ಯಾಡ ಅತ್ತಿ," ಎಂದೆ. "ಅಲ್ಲಿ ಮಂದಿ ಅದಾರ."

ಅದು ನನ್ನದೇ ದನಿ. ಎರಡು ಸೀಟಿನ ಲೆಕ್ಕ ಹೇಳಿದವಳು ನಾನೇ, ಅವರಿಲ್ಲ ಎಂದು ಸಲೀಸಾಗಿ ಅಂದವಳೂ ನಾನೇ. ಅತ್ತೆ ಅರ್ಧ ಬಗ್ಗಿದ ಹಾಗೇ ನನ್ನ ಮುಖ ನೋಡಿದರು. ಆಮೇಲೆ ಕೂತರು. ಕೂತು, ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಲ್ಲವಾ. ಯಾರೂ ಇಲ್ಲ ಇಲ್ಲಿ. ಅವ ಮಳಗ್ಯಾಗ ಅದಾನ. ಎರಡ ಕಡೆ ಎಷ್ಟ ದಿನಾ ಇರ್ತಾನ?"

ನಾನು ತೆರೆದ ಬಾಗಿಲ ಬಳಿ ನೆಲದ ಮೇಲೆ ಕುಸಿದು ಕೂತೆ. ಅಳು ಎಲ್ಲಿಂದ ಬಂತೋ ಗೊತ್ತಿಲ್ಲ. ಎಷ್ಟು ತಿಂಗಳಿನದೋ ಏನೋ, ಒಮ್ಮೆಲೇ ಬಂತು. ಅವರ ಸೆರಗಿನಲ್ಲಿ ಮುಖ ಇಟ್ಟು ಬಾಯಿಬಿಟ್ಟು ಅತ್ತುಬಿಟ್ಟೆ. ಮಳೆಯ ದೊಡ್ಡ ದೊಡ್ಡ ಹನಿ ಬಾನೆಟ್ಟಿನ ಮೇಲೆ ಟಪಟಪ ಬೀಳತೊಡಗಿದವು. ನನ್ನ ಬೆನ್ನೂ ತೋಯತೊಡಗಿತು. ಎದ್ದು ಮೂಗು ಒರೆಸಿಕೊಂಡು, "ನಡೀರಿ, ಮಳಿ ಬಂತು," ಎಂದೆ.

ಅತ್ತೆ ನನ್ನ ಕೈ ಬಿಡಲಿಲ್ಲ.

"ಬರಲಿ ಬಿಡ," ಎಂದರು. "ಹಿಂಗ ಅಳಕೋತ ಗಾಡಿ ಓಡಸಬ್ಯಾಡ. ಮೊದಲ ಅದನ್ನ ಮುಗಸು. ಆಮ್ಯಾಲೆ ಹೋಗೂಣು."